ದಾರದ ಮೇಷ್ಟ್ರು ಮತ್ತು ಎರಡು ಮರಳು ಚೀಲ

ನನ್ನ ಭಾವನನ್ನು ಊರಿನವರು ದಾರದ ಮೇಷ್ಟ್ರು ಎಂದು ಕರೆಯುತ್ತಾರೆ. ಅವನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ಅವನ ಕೈಗೆ ಮಕ್ಕಳನ್ನು ಒಪ್ಪಿಸುವಷ್ಟು ಕೆಟ್ಟ ಕಾಲ ಊರಿಗೆ ಇನ್ನೂ ಬಂದಿಲ್ಲ. ಕಾರಿನ ಚಕ್ರಗಳನ್ನು ನೇರ ಮಾಡುವುದು ಅವನ ಕಸುಬು. ಎದುರಿಗೆ ನಾನು ಅವನಿಗೆ ‘ನೀವು’ ಎನ್ನುತ್ತೇನೆ. ಅಕ್ಕನ ಗಂಡ, ಅನ್ನದೆ ವಿಧಿಯಿಲ್ಲ. ಕಾಗದದ ಮೇಲೆ ಆ ಕಟ್ಟುಪಾಡಿಲ್ಲ, ಇಲ್ಲಿ ಅವನು ಎಂದೇ ಬರೆಯುತ್ತೇನೆ.

ಚಕ್ರ ನೇರ ಮಾಡುವುದಕ್ಕೆ ಈಗ ಎಲ್ಲ ಕಡೆ ಯಂತ್ರ ಬಂದಿದೆ. ಅವನ ಹತ್ತಿರವೂ ಇದೆ. ಆದರೆ ಯಂತ್ರ ಹಸಿರು ತೋರಿಸಿದ ಮೇಲೂ ಅವನಿಗೆ ಸಮಾಧಾನವಿಲ್ಲ. ಕಾರಿನ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಚಕ್ರದ ನಡುಮಟ್ಟಕ್ಕೆ ಎರಡೂ ಪಕ್ಕ ದಾರ ಬಿಗಿದು, ಸ್ಟೀಲಿನ ಸ್ಕೇಲ್ ಹಿಡಿದು ಮಂಡಿಯೂರುತ್ತಾನೆ. ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಎಂದು ಅಳೆಯುತ್ತಾನೆ. ಆ ಎರಡರ ವ್ಯತ್ಯಾಸವನ್ನು ನಮ್ಮ ಕಸುಬಿನಲ್ಲಿ ಟೋ ಅನ್ನುತ್ತೇವೆ. ಅದು ಅರ್ಧ ಮಿಲಿಮೀಟರ್ ತಪ್ಪಿದ್ದರೆ ಕೊಲೆ ಮಾಡಿ ಬಂದವನನ್ನು ನೋಡುವ ಹಾಗೆ ಕಾರಿನ ಯಜಮಾನನ ಮುಖ ನೋಡುತ್ತಾನೆ.

“ಗಾಡಿ ಎಳೆಯುತ್ತಾ?” ಎಂದು ಕೇಳುತ್ತಾನೆ.

“ಹ್ಞೂಂ, ಸ್ವಲ್ಪ ಎಳೆಯುತ್ತೆ.”

“ಯಾವ ಕಡೆಗೆ? ಗಾಳಿ ಬೀಸುವಾಗಲೋ, ಇಲ್ಲದಾಗಲೋ?”

“ಅದನ್ನ ಅಷ್ಟು ಗಮನಿಸಿಲ್ಲ.”

“ಮತ್ತೆ ಓಡಿಸೋರು ಯಾರು?”

ಹೀಗೆ ಮಾತಾಡಿಸಿಕೊಂಡು, ಮುಖ ಕೆಂಪು ಮಾಡಿಕೊಂಡು ಹೋದವರೂ ತಿರುಗಿ ಅವನ ಹತ್ತಿರವೇ ಬರುತ್ತಿದ್ದರು. ಅದೇ ನನಗೆ ಹೊಟ್ಟೆಯುರಿ. ನಾನು ನಗುನಗುತ್ತಾ ಮಾತಾಡಿಸುತ್ತೇನೆ, ಕುರ್ಚಿ ಒರೆಸಿ ಕೂರಿಸುತ್ತೇನೆ, ಟೈರ್ ಬದಲಿಸುವಷ್ಟರಲ್ಲಿ ಅವರ ಮನೆಮಂದಿಯನ್ನೆಲ್ಲ ವಿಚಾರಿಸಿರುತ್ತೇನೆ. ಅವರೋ ತಗಡಿನ ಆಚೆ ಬೈಸಿಕೊಳ್ಳುವುದಕ್ಕೆ ಸಾಲುಗಟ್ಟಿ ನಿಲ್ಲುತ್ತಿದ್ದರು.

ತಗಡಿನ ವಿಷಯ ಹೇಳಬೇಕು. ನಮ್ಮದು ಒಂದೇ ಶೆಡ್ಡು, ಅಪ್ಪ ಕಟ್ಟಿಸಿದ್ದು. ನಡುವೆ ಭುಜದೆತ್ತರಕ್ಕೆ ಒಂದು ತಗಡಿನ ಗೋಡೆ. ಈ ಕಡೆ ನನ್ನ ಟೈರು, ಕಂಪ್ರೆಸರ್, ಪಂಕ್ಚರ್ ನೋಡುವ ನೀರಿನ ತೊಟ್ಟಿ. ಆ ಕಡೆ ಕಾರಿನಡಿಗೆ ಇಳಿಯುವ ಅವನ ಗುಂಡಿ, ಯಂತ್ರ, ದಾರದ ಉಂಡೆ. ಗೋಡೆಯ ಒಂದು ಕೊನೆಯಲ್ಲಿ ಒಂದು ಆಳು ದಾಟುವಷ್ಟು ಜಾಗ ಬಿಟ್ಟಿದೆ. ಅವನು ಅಪ್ಪನ ಕೈಕೆಳಗೆ ಕೆಲಸಕ್ಕೆ ಸೇರಿದವನು. ಅಪ್ಪನಿಗೆ ಅವನ ಕೈ ಹಿಡಿಸಿತು, ಅಕ್ಕನಿಗೆ ಅವನು ಹಿಡಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ಅಕ್ಕನ ಜೊತೆಗೆ ಅರ್ಧ ಶೆಡ್ಡೂ ಅವನ ಪಾಲಾಯಿತು.

ಊರಿಂದ ಆಚೆ ದಡಕ್ಕೆ ಹೋಗಲು ಸರೋವರದ ಮೇಲೆ ಮೂರು ಕಿಲೋಮೀಟರ್ ಸೇತುವೆಯಿದೆ. ಮೊದಲ ಹನ್ನೊಂದು ದೀಪದ ಕಂಬಗಳವರೆಗೆ ಎಡಕ್ಕೆ ಕಲ್ಲಿನ ಎತ್ತರದ ಗೋಡೆ. ಹನ್ನೆರಡನೇ ಕಂಬದ ಹತ್ತಿರ ಗೋಡೆ ಮುಗಿದು ಬರೀ ಕಬ್ಬಿಣದ ಕಂಬಿ. ವರ್ಷದಲ್ಲಿ ಮೂರು ತಿಂಗಳು ಅಲ್ಲಿ ಅಡ್ಡಗಾಳಿ. ಗೋಡೆಯ ಮರೆಯಲ್ಲಿ ಆರಾಮಾಗಿ ಬಂದವರಿಗೆ ಅಲ್ಲಿ ಯಾರೋ ಪಕ್ಕದಿಂದ ಭುಜ ಕೊಟ್ಟು ತಳ್ಳಿದ ಹಾಗಾಗುತ್ತದೆ. ದೊಡ್ಡ ಲಾರಿಗಳು ತೂಗಾಡುತ್ತಾ ದಾಟುತ್ತವೆ. ಸಣ್ಣ ಕಾರುಗಳ ಪಾಡು ಕೇಳಬೇಡಿ.

ಇದಕ್ಕೆ ಅಪ್ಪನ ಕಾಲದಿಂದ ನಮ್ಮೂರಿನ ಉಪಾಯ ಒಂದೇ: ಡಿಕ್ಕಿಯಲ್ಲಿ ಮರಳು ಚೀಲ. ಅಪ್ಪ ತಾನೇ ಮರಳು ಜರಡಿ ಹಿಡಿದು, ಚೀಲಕ್ಕೆ ತುಂಬಿ, ನೀಲಿ ಹುರಿಯಲ್ಲಿ ಬಾಯಿ ಹೊಲಿಯುತ್ತಿದ್ದರು. ಗಾಳಿಯ ತಿಂಗಳು ಬಂತೆಂದರೆ ಶೆಡ್ಡಿನ ಮುಂದೆ ಚೀಲಗಳ ಸಾಲು. ಟೈರಿಗೆ ಗಾಳಿ ನೋಡಿಸಲು ಬಂದವರ ಡಿಕ್ಕಿಗೆ ಅಪ್ಪ ಒಂದೋ ಎರಡೋ ಎತ್ತಿಟ್ಟು, “ಭಾರ ಇದ್ರೆ ನಿಲ್ಲುತ್ತೆ, ಹೋಗ್ಬನ್ನಿ” ಅನ್ನುತ್ತಿದ್ದರು. ಗಾಳಿ ಮುಗಿದ ಮೇಲೆ ಜನ ತಾವಾಗಿಯೇ ತಂದು ಹಿಂತಿರುಗಿಸುತ್ತಿದ್ದರು. ನೀಲಿ ಹುರಿ ಕಂಡರೆ ಊರಿಗೆ ಅಪ್ಪನ ಮುಖ ಕಂಡ ಹಾಗೆ.

ಆ ಚೀಲಕ್ಕೆ ಭಾವ ಕೈ ಹಾಕಿದ. ಅಪ್ಪ ಆಗಿನ್ನೂ ಇದ್ದರು. ಮಂಡಿನೋವು ಶುರುವಾಗಿ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಸ್ನೇಹಿತರ ಜೊತೆ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಒಂದು ದಿನ ಭಾವ ಒಂದು ಖಾಲಿ ಚಪ್ಪಲಿ ಡಬ್ಬಿ ತಂದು ಅವರ ಮುಂದಿನ ಮೇಜಿನ ಮೇಲಿಟ್ಟ. ನಟ್ಟು ಬೋಲ್ಟು ತುಂಬಿದ ಸಣ್ಣ ತಗಡಿನ ಡಬ್ಬಿಯನ್ನು ಅದರೊಳಗೆ ಹಿಂದಿನ ತುದಿಗೆ ಇಟ್ಟ.

“ಮಾವ, ಇದು ಕಾರು. ಬೋಲ್ಟು ನಿಮ್ಮ ಮರಳು. ಈಗ ಗಾಳಿ ಬಂತು ನೋಡಿ,” ಎಂದು ಚಪ್ಪಲಿ ಡಬ್ಬಿಯ ಪಕ್ಕೆಗೆ ನಟ್ಟನಡುವೆ ಬೆರಳಿಟ್ಟು ತಳ್ಳಿದ.

ಭಾರವಿದ್ದ ಹಿಂಭಾಗ ಅಲ್ಲೇ ಉಳಿಯಿತು. ಹಗುರವಾದ ಮೂತಿ ಸರ್ರನೆ ಆಚೆಗೆ ತಿರುಗಿತು.

“ಮೂತಿ ಎಲ್ಲಿಗೆ ಹೋಯ್ತು? ಕಂಬಿ ಕಡೆಗೆ. ನೀವು ಹಿಂದಕ್ಕೆ ಭಾರ ಹಾಕಿದಷ್ಟೂ ಮುಂದಿನ ಚಕ್ರದ ಹಿಡಿತ ಸಡಿಲ ಆಗುತ್ತೆ, ಗಾಳಿ ಮೂತೀನ ಹಿಡ್ಕೊಂಡು ತಿರುಗಿಸುತ್ತೆ. ಜನರನ್ನ ಉಳಿಸ್ತೀವಿ ಅಂತ ನೀರಿಗೆ ತಳ್ತಾ ಇದೀರಿ.”

ಅಪ್ಪನ ಸ್ನೇಹಿತರು ಚಹಾದ ಲೋಟದೊಳಗೆ ಮುಖ ಇಟ್ಟುಕೊಂಡರು. ಅಪ್ಪ ನಕ್ಕರು. ಆ ನಗು ಹೇಗಿತ್ತೆಂದು ನನಗೆ ಗೊತ್ತು, ನಾನು ಅಲ್ಲೇ ನಿಂತಿದ್ದೆ. ನಲವತ್ತು ವರ್ಷ ಊರಿನ ಗಾಡಿಗಳನ್ನು ಕಾಯ್ದ ಮನುಷ್ಯನಿಗೆ ಅವರ ಸ್ನೇಹಿತರ ಎದುರೇ ಚಪ್ಪಲಿ ಡಬ್ಬಿ ತೋರಿಸಿ ಪಾಠ ಹೇಳಿದ. ಹೇಳುವುದಿದ್ದರೆ ಮನೆಯಲ್ಲಿ ಹೇಳಬಹುದಿತ್ತು, ಊಟದ ಹೊತ್ತಲ್ಲಿ ಹೇಳಬಹುದಿತ್ತು. ಅಪ್ಪ ಒಂದು ವಾರ ಶೆಡ್ಡಿನ ಕಡೆ ಬರಲಿಲ್ಲ. ಅವತ್ತಿನಿಂದ ನಾನು ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ನನಗಿಲ್ಲ.

ಮುಚ್ಚುಮರೆ ಬೇಡ, ಇದನ್ನೂ ಹೇಳಿಬಿಡುತ್ತೇನೆ. ವಾರ ಕಳೆದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು, “ಅವನು ಹೇಳೋದ್ರಲ್ಲಿ ಏನೋ ಇದೆ ಕಣೋ,” ಅಂದರು. “ಮೊದಲು ಸೇತುವೆ ಎಲ್ಲಿತ್ತು? ಆಚೆ ದಡಕ್ಕೆ ಸುತ್ತಿಕೊಂಡು ಕೆಸರಿನ ಏರು ಹತ್ತಿ ಹೋಗಬೇಕಿತ್ತು. ಆಗಿನ ಗಾಡಿಗಳಲ್ಲಿ ಹಿಂದಿನ ಚಕ್ರ ತಿರುಗೋದು. ಹಿಂದೆ ಭಾರ ಇಲ್ಲದಿದ್ರೆ ಕೆಸರಲ್ಲಿ ಗಿರಗಿರ ಸುತ್ತೋದು. ಅದಕ್ಕೇ ಚೀಲ ಹಾಕ್ತಿದ್ದೆ. ಆಮೇಲೆ ಸೇತುವೆ ಬಂತು, ಜನ ಕೇಳ್ತಾನೇ ಇದ್ರು, ನಾನು ಹಾಕ್ತಾನೇ ಇದ್ದೆ.” ನಾನು ಹ್ಞೂಂ ಅಂದು ಎದ್ದುಹೋದೆ. ವಯಸ್ಸಾದವರನ್ನು ಅಳಿಯ ಮರುಳು ಮಾಡಿದ್ದಾನೆ ಎಂದು ನನ್ನ ಮನಸ್ಸು ತೀರ್ಮಾನಿಸಿಯಾಗಿತ್ತು. ಅಪ್ಪ ಹೋದ ಮೇಲೆ ಚೀಲ ಹೊಲಿಯುವ ಕೆಲಸ ನಾನು ಹಿಡಿದೆ, ಅದೇ ನೀಲಿ ಹುರಿಯಲ್ಲಿ.

ಅಕ್ಕ ನರ್ಸು. ಆಚೆ ದಡದಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುತ್ತಾಳೆ. ದಿನಕ್ಕೆ ಎರಡು ಸಲ ಸೇತುವೆ ದಾಟಲೇಬೇಕು. ಮೂರು ವರ್ಷದ ಹಿಂದೆ ಒಂದು ಸಣ್ಣ ಹೈಬ್ರಿಡ್ ಕಾರು ತೆಗೆದುಕೊಂಡಳು, ಅರ್ಧ ಪೆಟ್ರೋಲ್ ಅರ್ಧ ಬ್ಯಾಟರಿ. ನೋಡಲು ಮುದ್ದಾಗಿದೆ. ಆದರೆ ಮೈ ಎತ್ತರ, ಅಗಲ ಸಾಲದು. ಪೆಟ್ರೋಲ್ ಉಳಿಯಲಿ ಎಂದು ಸಪೂರವಾದ ಗಟ್ಟಿ ಟೈರು. ಸ್ಟೇರಿಂಗನ್ನು ಮೋಟಾರು ತಿರುಗಿಸಿಕೊಡುವುದರಿಂದ ಬೆಣ್ಣೆಯಲ್ಲಿ ಕೈಯಿಟ್ಟ ಹಾಗೆ. ಕೆಳಗೆ ಚಕ್ರಕ್ಕೆ ಏನಾಗುತ್ತಿದೆ ಎಂಬ ಸುದ್ದಿ ಕೈಗೆ ಬರುವುದೇ ಇಲ್ಲ. ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ.

“ಇದರ ಹಿಂಭಾಗ ಮೊದಲೇ ಭಾರ. ಇದಕ್ಕೆ ಚೀಲ ಗೀಲ ಮುಟ್ಟಿಸಬಾರದು,” ಎಂದು ಭಾವ ಮೊದಲ ದಿನವೇ ತಗಡಿನ ಮೇಲಿಂದ ನನ್ನ ಕಡೆ ನೋಡಿಕೊಂಡು ಅಕ್ಕನಿಗೆ ಹೇಳಿದ. “ಗೋಡೆ ಮುಗಿಯೋ ಮೊದಲೇ ನಲವತ್ತಕ್ಕೆ ಇಳಿಸು. ಗಾಳಿ ಹೊಡೆದಾಗ ಬ್ರೇಕ್ ತುಳೀಬೇಡ, ಆಕ್ಸಿಲರೇಟರಿಂದ ಕಾಲು ಗಬಕ್ಕನೆ ಎತ್ತಲೂ ಬೇಡ. ಸ್ಟೇರಿಂಗ್ ಎರಡೂ ಕೈಲಿ ಹಿಡಿ, ಆದರೆ ಕುತ್ತಿಗೆ ಹಿಸುಕಬೇಡ. ಲಾರಿ ಪಕ್ಕದಿಂದ ಆಚೆ ಬರೋವಾಗ ಗಾಳಿ ಎರಡನೇ ಸಲ ಹೊಡೆಯುತ್ತೆ, ಕಾದಿರು.”

ಅವಳು ತಲೆಯಾಡಿಸಿದಳು. ಹೆಂಡತಿಗೆ ಹೇಳುವ ಮಾತೇ ಇದು? ಡ್ರೈವಿಂಗ್ ಪರೀಕ್ಷೆಯ ಪ್ರಶ್ನೆಪತ್ರಿಕೆ.

ನಾನು ಮಾರನೇ ದಿನ ಬೆಳಿಗ್ಗೆ ಅವಳ ಡಿಕ್ಕಿಯಲ್ಲಿ ಒಂದು ಚೀಲ ಇಟ್ಟೆ. ಕಾರು ರಾತ್ರಿಯೆಲ್ಲ ಶೆಡ್ಡಿನ ಮುಂದೆಯೇ ನಿಲ್ಲುತ್ತದೆ, ನಾನು ಬಾಗಿಲು ತೆಗೆಯುವುದು ಅವನಿಗಿಂತ ಮುಂಚೆ. ಅವನು ಬಂದವನೇ ಡಿಕ್ಕಿ ತೆರೆದು, ಚೀಲ ಎತ್ತಿ, ತಗಡಿನ ಮೇಲಿಂದ ನನ್ನ ಕಡೆಗೆ ದೊಪ್ಪನೆ ಎಸೆದ. ಅದರ ಮಾರನೇ ದಿನ ಮತ್ತೆ ಇಟ್ಟೆ, ಮತ್ತೆ ದೊಪ್ ಅಂತು. ಹೀಗೆ ಎರಡು ಗಾಳಿಗಾಲ ಕಳೆಯಿತು. ಆ ಸದ್ದು ಕೇಳಿದ ಮೇಲೆಯೇ ಅಕ್ಕ ಮನೆಯಿಂದ ಹೊರಬಂದು ಕಾರು ಹತ್ತುತ್ತಿದ್ದಳು. “ನಿಮ್ಮಿಬ್ಬರ ಪೂಜೆ ಆಯ್ತಾ?” ಎಂದು ನಗುತ್ತಿದ್ದಳು. ಅವಳ ಪಾಲಿಗೆ ಅದು ತಮಾಷೆ, ನಮ್ಮಿಬ್ಬರ ಪಾಲಿಗೆ ಅಲ್ಲ.

ಮೂರನೇ ಗಾಳಿಗಾಲದಲ್ಲಿ ಒಂದು ದಿನ ಭಾವ ಹಲ್ಲು ಕೀಳಿಸಲು ಹೋದ. ದವಡೆ ಊದಿ, ಮೂರು ದಿನದಿಂದ ಗಂಜಿ ಕುಡಿದುಕೊಂಡಿದ್ದ. ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎಂಟಕ್ಕೇ ಡಾಕ್ಟರು ಕರೆದಿದ್ದರು. ಗಾಳಿ ಆಗಲೇ ಶೆಡ್ಡಿನ ತಗಡುಗಳನ್ನು ಬಡಿಯುತ್ತಿತ್ತು. ತಡೆಯುವವರು ಯಾರೂ ಇಲ್ಲ. ಅಕ್ಕನಿಗೆ ಅಪ್ಪನ ಕಾವಲು ಇವತ್ತಾದರೂ ಸಿಗಲಿ ಎಂದುಕೊಂಡು, ಒಂದರ ಬದಲು ಎರಡು ಚೀಲ ಇಟ್ಟೆ. ಡಿಕ್ಕಿ ಮುಚ್ಚಿ, ಮೇಲೊಂದು ತಟ್ಟು ತಟ್ಟಿದೆ. ಅಪ್ಪ ಹಾಗೆಯೇ ತಟ್ಟುತ್ತಿದ್ದರು.

ಅಕ್ಕ ಅವಸರದಲ್ಲಿ ಬಂದಳು, ಬ್ಯಾಗು ಪಕ್ಕದ ಸೀಟಿಗೆ ಎಸೆದಳು, ಹೊರಟಳು. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು.

ಹನ್ನೆರಡನೇ ಕಂಬ. ಅವಳು ನಲವತ್ತರಲ್ಲೇ ಹೋಗುತ್ತಿದ್ದಳು. ಗೋಡೆ ಮುಗಿಯುವುದಕ್ಕೂ ಎದುರಿಂದ ಬಂದ ಬಸ್ಸು ಪಕ್ಕದಲ್ಲಿ ಹಾದುಹೋಗುವುದಕ್ಕೂ ಸರಿಹೋಯಿತು. ಮೂತಿ ಬಲಕ್ಕೆ ತಿರುಗಿತು. ಅವಳು ಎಡಕ್ಕೆ ಎಳೆದಳು, ಸಾಲಲಿಲ್ಲ, ಇನ್ನಷ್ಟು ಎಳೆದಳು. ಆಗ ಗಾಳಿ ಒಮ್ಮೆ ಬಿಟ್ಟಿತು. ಎಳೆದದ್ದೆಲ್ಲ ಒಟ್ಟಿಗೆ ಹಿಡಿದುಕೊಂಡು ಕಾರು ಎಡಕ್ಕೆ ನುಗ್ಗಿತು, ಹಿಂಭಾಗ ಆ ಭಾರದ ಜೊತೆ ಹೊರಗೆ ಬೀಸಿಕೊಂಡು ಬಂತು. ಕಾರು ಅಡ್ಡಡ್ಡವಾಗಿ ಕಂಬಿಗೆ ಹೊಡೆದು ನಿಂತಿತು. ಎರಡು ಕಂಬಿ ಹೊರಕ್ಕೆ ಬಾಗಿದ್ದವು, ಮೂರನೆಯದು ಹಿಡಿಯಿತು. ಅವಳ ಎಡಗೈ ಮಣಿಕಟ್ಟು ಮುರಿದಿತ್ತು, ಕತ್ತಿನ ಕೆಳಗಿನ ಎಲುಬು ಬಿರುಕು ಬಿಟ್ಟಿತ್ತು. ಆ ಮೂರನೇ ಕಂಬಿಯ ಆಚೆ ಬರೀ ನೀರು.

ಎಳೆಯುವ ಲಾರಿಯವರು ಕಾರನ್ನು ಶೆಡ್ಡಿಗೇ ತಂದು ಬಿಟ್ಟರು. ಭಾವ ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡೇ ಬಂದ. ಆಸ್ಪತ್ರೆಗೆ ಓಡುವ ದಾರಿಯಲ್ಲಿ ಒಂದು ನಿಮಿಷ ನಿಂತು, ಕಾರಿನ ಸುತ್ತ ಒಂದು ಸುತ್ತು ಹಾಕಿದ. ಜಖಂ ಆದ ಕಡೆ ನೋಡಲಿಲ್ಲ. ನೇರ ಹಿಂದಕ್ಕೆ ಹೋಗಿ ಡಿಕ್ಕಿ ಎತ್ತಿದ.

ನಾನು ತಗಡಿನ ಈಚೆ ಇದ್ದೆ. ಅವನು ಒಂದು ಚೀಲ ಹೊರಗೆ ತೆಗೆದ, ಎಸೆಯಲಿಲ್ಲ. ತಗಡಿನ ಗೋಡೆಯ ಕೊನೆಯಲ್ಲಿ ದಾಟಲು ಬಿಟ್ಟ ಆ ಜಾಗದಲ್ಲಿ ಮೆಲ್ಲಗೆ ಇಳಿಸಿದ. ಇನ್ನೊಂದನ್ನು ತಂದು ಅದರ ಪಕ್ಕಕ್ಕೆ ಇಟ್ಟ. ನೀಲಿ ಹುರಿಯ ಬಾಯಿಗಳು ನನ್ನ ಕಡೆಗೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಆ ಮನುಷ್ಯ ಅಷ್ಟು ಉಪಕಾರವನ್ನೂ ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಅಳುತ್ತಿದ್ದಳು. ನೋವಿಗಲ್ಲ. “ನೀವು ಹೇಳಿದ ಹಾಗೇ ಹೋದೆ ರೀ. ನಲವತ್ತರಲ್ಲೇ ಇದ್ದೆ. ಬ್ರೇಕ್ ತುಳೀಲಿಲ್ಲ. ನನ್ನ ಕೈಯೇ ಸರಿಯಿಲ್ಲ. ಇನ್ನು ಸ್ಟೇರಿಂಗ್ ಮುಟ್ಟಲ್ಲ ನಾನು.” ಆಚೆ ದಡದ ಹಾಸಿಗೆಗಳಲ್ಲಿ ಅವಳಿಗಾಗಿ ಕಾಯುತ್ತಿದ್ದವರನ್ನು ನೆನೆದು ಮತ್ತಷ್ಟು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, “ಇವತ್ತು ಡಿಕ್ಕೀಲಿ ಚೀಲ ಇತ್ತೇನೋ?”

“ಇಲ್ಲ ಅಕ್ಕ,” ಅಂದೆ.

ಬಾಯಿಂದ ಬಂದೇಬಿಟ್ಟಿತು. ಭಾವ ಮಂಚದ ಕಾಲ ಹತ್ತಿರ ನಿಂತಿದ್ದ, ಒಂದು ಕೆನ್ನೆ ಚೆಂಡಿನ ಹಾಗೆ ಊದಿಕೊಂಡು. ಅವನು ನನ್ನನ್ನು ನೋಡಿದ. ಈಗ ಹೇಳಿಬಿಡುತ್ತಾನೆ ಎಂದು ನಾನು ನೆಲ ನೋಡಿಕೊಂಡೆ.

“ಟೋ ತಪ್ಪಿತ್ತು,” ಅಂದ ಭಾವ. ಹತ್ತಿಯ ಸಂದಿಯಿಂದ ಮಾತು ತೊದಲುತ್ತಿತ್ತು. “ಹೋದ ವಾರ ನಾನೇ ಮಾಡಿದ್ದು. ಅಳತೆ ತಪ್ಪಿದ್ದೀನಿ. ನಿನ್ನ ಕೈ ಸರಿಯಾಗೇ ಇದೆ, ನನ್ನ ಕೈ ತಪ್ಪು.”

ಅರ್ಧ ಮಿಲಿಮೀಟರಿಗೆ ಊರನ್ನೇ ಬೈದವನು, ಸ್ಕೇಲ್ ಬಿಟ್ಟರೆ ಬೇರೆ ದೇವರೇ ಗೊತ್ತಿಲ್ಲದವನು, ಅದನ್ನು ಅಷ್ಟು ಸಲೀಸಾಗಿ ಹೇಳಿಬಿಟ್ಟ. ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಬಂದಾಗಲೂ ಅದನ್ನೇ ಹೇಳಿದ. ಚಹಾದ ಅಂಗಡಿಯಲ್ಲಿ ಕೇಳಿದವರಿಗೂ ಅದನ್ನೇ ಹೇಳಿದ. ಅಕ್ಕನ ಅಳು ನಿಂತಿತು. ತಪ್ಪು ತನ್ನದಲ್ಲ ಎಂದು ಗೊತ್ತಾದ ಮೇಲೆ ಅವಳಿಗೆ ಜೀವ ಬಂತು. ಆ ಜೀವವೆಲ್ಲ ಗಂಡನ ಮೇಲಿನ ಕೋಪವಾಯಿತು.

ಊರಿನ ಜನರ ಬಗ್ಗೆ ಏನು ಹೇಳಲಿ. ಇಷ್ಟು ವರ್ಷ ಬೈಸಿಕೊಂಡ ಬಾಯಿಗಳೆಲ್ಲ ಒಮ್ಮೆಗೇ ತೆರೆದವು. ಹೆಂಡತಿ ಕಾರನ್ನೇ ನೆಟ್ಟಗೆ ಮಾಡಲಾರದವನು ಎಂದರು. ದಾರದ ಮೇಷ್ಟ್ರು ದಾರ ತಪ್ಪಿದರು ಎಂದು ಹಲ್ಲುಕಿರಿದರು. ಹೊಸ ರಸ್ತೆಯ ದೊಡ್ಡ ಗ್ಯಾರೇಜಿಗೆ ಕಾರುಗಳು ಹೊರಳಿದವು. ಅವನು ದಿನಾ ಬೆಳಿಗ್ಗೆ ಬಂದು, ಖಾಲಿ ಜಾಗದಲ್ಲಿ ನಾಲ್ಕು ಸ್ಟ್ಯಾಂಡ್ ಇಟ್ಟು, ಇಲ್ಲದ ಕಾರಿನ ಎರಡೂ ಪಕ್ಕಕ್ಕೆ ದಾರ ಬಿಗಿದು, ಸರಿಯಿದೆಯೇ ನೋಡಿ ಬಿಚ್ಚುತ್ತಿದ್ದ. ನನ್ನ ಕಡೆ ಗಿರಾಕಿಗಳು ಬಂದು, “ಪಾಪ, ನಿಮ್ಮಕ್ಕ ಇಂಥವನ ಕೈಗೆ ಸಿಕ್ಕಳಲ್ಲ,” ಎಂದು ನನಗೆ ಸಮಾಧಾನ ಹೇಳುತ್ತಿದ್ದರು. ನಾನು ಸಮಾಧಾನ ಮಾಡಿಸಿಕೊಳ್ಳುತ್ತಿದ್ದೆ.

ಆ ಎರಡು ಚೀಲ ಇಟ್ಟಲ್ಲೇ ಇದ್ದವು. ಅವನು ತೆಗೆಯಲಿಲ್ಲ. ನನಗೂ ತೆಗೆಯಲು ಆಗಲಿಲ್ಲ. ಈ ಕಡೆಯಿಂದ ಆ ಕಡೆಗೆ ಹೋಗಬೇಕಾದಾಗ ಅವನ್ನು ದಾಟಿಕೊಂಡು ಹೋಗುತ್ತಿದ್ದೆ. ದಾಟುವಾಗೆಲ್ಲ ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ದೊಡ್ಡ ಮನುಷ್ಯನ ಹಾಗೆ ಸುಳ್ಳು ಹೇಳು ಎಂದು ಇವನನ್ನು ಯಾರು ಕೇಳಿದ್ದರು? ಅಪ್ಪನ ಎದುರು ನಿಜ ಹೇಳಿ ಅವಮಾನ ಮಾಡಿದ, ಅಕ್ಕನ ಎದುರು ಸುಳ್ಳು ಹೇಳಿ ನನ್ನನ್ನು ಇನ್ನೂ ಕೆಳಗೆ ತಳ್ಳಿದ. ಯಾವುದು ಮಾಡಿದರೂ ಗೆಲ್ಲುವವನು ತಾನೇ ಆಗಿರಬೇಕು ಅವನಿಗೆ.

ಹನ್ನೊಂದು ತಿಂಗಳು ಹೀಗೇ ಹೋಯಿತು. ಅಕ್ಕನ ಕೈ ಕೂಡಿತು. ಕಾರು ರಿಪೇರಿಯಾಯಿತು, ಚಕ್ರ ನೇರ ಮಾಡಿಸಲು ಅವಳು ಅದನ್ನೂ ಹೊಸ ರಸ್ತೆಯ ಗ್ಯಾರೇಜಿಗೇ ಕಳಿಸಿದಳು. ಭಾವ ತಗಡಿನ ಆಚೆ ನಿಂತು ಅದು ಹೋಗುವುದನ್ನು ನೋಡಿದ. ಗಾಳಿಯಿಲ್ಲದ ದಿನಗಳಲ್ಲಿ ಅವಳು ಮೆಲ್ಲಗೆ ಸೇತುವೆ ದಾಟಿ ಕೆಲಸಕ್ಕೆ ಹೋಗಲು ಶುರುಮಾಡಿದಳು.

ಮತ್ತೆ ಗಾಳಿಯ ತಿಂಗಳು ಬಂತು. ಮೊದಲ ದಿನವೇ ಬೆಳಿಗ್ಗೆ ಶೆಡ್ಡಿನ ತಗಡು ಕುಣಿಯುತ್ತಿತ್ತು. ಅಕ್ಕ ಮನೆಯಿಂದ ಬಂದು ನೇರ ನನ್ನ ಕಡೆಗೆ ನಡೆದಳು. ನಾನು ಅವಳ ಟೈರಿಗೆ ಗಾಳಿ ನೋಡುತ್ತಾ ಕೂತಿದ್ದೆ.

“ಡಿಕ್ಕಿಗೆ ಎರಡು ಚೀಲ ಹಾಕೋ,” ಅಂದಳು.

ನನಗೆ ಕೇಳಿಸಿತು. ಕೇಳಿಸದ ಹಾಗೆ ಇನ್ನೊಂದು ಟೈರಿನ ಕಡೆ ಸರಿದೆ.

“ನಿನಗೇ ಹೇಳ್ತಿರೋದು. ಅಪ್ಪ ಇದ್ದಿದ್ರೆ ನಾನು ಕೇಳೋ ಮೊದಲೇ ಹಾಕ್ತಿದ್ರು. ಇವರ ಮಾತು ಕಟ್ಟಿಕೊಂಡು ಖಾಲಿ ಡಿಕ್ಕೀಲಿ ಹೋಗಿ ಕೈ ಮುರ್ಕೊಂಡೆ. ಅಲ್ಲೇ ಇವೆಯಲ್ಲ ಎರಡು, ಎತ್ತಿಡು.”

ಆ ಕಡೆ ದಾರ ಸುತ್ತುವ ಸದ್ದು ನಿಂತಿತು. ಭಾವ ಚೀಲಗಳ ಹತ್ತಿರ ಬಂದು ನಿಂತ.

“ಹಾಕಿಸಬೇಡ,” ಅಂದ, ಅವಳಿಗೆ.

“ನೀವು ಸುಮ್ನಿರಿ. ನಿಮ್ಮ ಅಳತೆ ನೋಡಿದ್ದಾಗಿದೆ.”

“ಆ ಗಾಡಿಗೆ ಹಿಂದೆ ಭಾರ ಬೇಡ. ನನ್ನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ಕೋ.”

“ಚೀಲ ಇಲ್ಲದೇ ಹೋದಾಗ ತಾನೇ ಕಂಬಿಗೆ ಹೊಡೆದಿದ್ದು? ಹೋದ್ಸಲ ಕಂಬಿ ಹಿಡೀತು. ಈ ಸಲ ಹಿಡಿಯುತ್ತೆ ಅಂತ ನೀವು ಬರ್ಕೊಡ್ತೀರಾ?”

ಅವನು ಬಾಯಿ ತೆರೆದ. ಒಂದೇ ಒಂದು ಮಾತು ಸಾಕಿತ್ತು: ಚೀಲ ಇತ್ತು, ಇವನು ಹಾಕಿದ್ದ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದ. ಗಿರಾಕಿಯನ್ನು ನೋಡುತ್ತಾನಲ್ಲ, ಅದೇ ನೋಟ. ಓಡಿಸೋರು ಯಾರು ಎಂದು ಕೇಳುವಾಗಿನ ನೋಟ.

ಅಕ್ಕ ತಾನೇ ಡಿಕ್ಕಿ ತೆರೆದು ನಿಂತಳು. “ಬಾರೋ, ಹೊತ್ತಾಯ್ತು.”

ನಾನು ಹೋಗಿ ಒಂದು ಚೀಲ ಎತ್ತಿದೆ. ಹನ್ನೊಂದು ತಿಂಗಳ ಧೂಳು ಮೇಲೆ ಕೂತಿತ್ತು. ಎದೆಗೆ ಆನಿಸಿಕೊಂಡು ನಾಲ್ಕು ಹೆಜ್ಜೆ ನಡೆದೆ. ಹಾಕಿಬಿಟ್ಟರೆ ಅವಳ ಕಣ್ಣಿನಲ್ಲಿ ನಾನು ಅಪ್ಪನ ಮಗ. ಹಾಕದಿದ್ದರೆ ಯಾಕೆ ಎಂದು ಹೇಳಬೇಕು. ಡಿಕ್ಕಿಯ ಅಂಚಿಗೆ ಚೀಲ ತಾಗಿತು. ಹನ್ನೆರಡನೇ ಕಂಬದ ಹತ್ತಿರ ಬಾಗಿದ ಆ ಎರಡು ಕಂಬಿಗಳಿಗೆ ಇನ್ನೂ ಬರೀ ಹಗ್ಗ ಕಟ್ಟಿಟ್ಟಿದ್ದಾರೆ.

“ಅಕ್ಕ, ಅವತ್ತು ಚೀಲ ಇತ್ತು,” ಅಂದೆ. “ಒಂದಲ್ಲ, ಎರಡು. ಇವೇ. ಭಾವ ಹಲ್ಲು ಕೀಳಿಸೋಕೆ ಹೋಗಿದ್ರಲ್ಲ, ಆಗ ನಾನೇ ಇಟ್ಟೆ. ಟೋ ಸರಿಯಾಗೇ ಇತ್ತು.”

ಅವಳು ನನ್ನನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಅವನು ತನ್ನ ಕೈಯಲ್ಲಿದ್ದ ದಾರದ ಉಂಡೆಯನ್ನು ನೋಡಿಕೊಂಡ.

“ಹೌದೇನ್ರೀ?”

“ಹ್ಞೂಂ.”

“ಮತ್ತೆ ಯಾಕೆ?”

“ನಿನ್ನ ಕೈ ಸರಿಯಿಲ್ಲ ಅಂತ ಅಳ್ತಿದ್ದೆ,” ಅಂದ. “ಇವನಂತೂ ಇಲ್ಲ ಅಂದುಬಿಟ್ಟ. ಮತ್ತೆ ಯಾರಾದರೂ ಒಬ್ಬರು ಬೇಕಿತ್ತಲ್ಲ.”

ಅಕ್ಕ ಡಿಕ್ಕಿ ಮುಚ್ಚಿದಳು. ಚೀಲ ಹಿಡಿದು ನಿಂತಿದ್ದ ನನ್ನ ಪಕ್ಕದಿಂದಲೇ, ಕಂಬವೊಂದನ್ನು ಬಳಸಿ ಹೋಗುವ ಹಾಗೆ ಹೋದಳು. ಕಾರಿನ ಕೀಲಿ ಗಂಡನ ಕೈಗಿತ್ತಳು. “ದಾರ ಕಟ್ಟಿ ಒಂದ್ಸಲ ನೋಡಿಬಿಡಿ. ಆ ಗ್ಯಾರೇಜಿನವರು ಏನು ಮಾಡಿದಾರೋ ಏನೋ.” ಅವನು ಕಾರು ಒಳಗೆ ತಂದು, ಸ್ಟ್ಯಾಂಡ್ ಇಟ್ಟು, ದಾರ ಬಿಗಿದ. ಮುಕ್ಕಾಲು ಗಂಟೆ ಮಂಡಿಯೂರಿ ಅಳೆದ. ಗ್ಯಾರೇಜಿನವರು ಎರಡು ಮಿಲಿಮೀಟರ್ ತಪ್ಪಿದ್ದರು. ಅವನ ಬಾಯಿಂದ ಅವರಿಗೆ ಬಂದ ಬೈಗುಳ ನಾನು ಇಲ್ಲಿ ಬರೆಯುವಂಥದ್ದಲ್ಲ. ಅವಳು ಡಿಕ್ಕಿ ಖಾಲಿಯಿಟ್ಟುಕೊಂಡೇ ಹೊರಟಳು. ಹೋಗುವಾಗಲೂ ನನ್ನ ಕಡೆ ತಿರುಗಲಿಲ್ಲ.

ಅವಳು ಹೋದ ಮೇಲೆ ಭಾವ ತಗಡಿನ ಹತ್ತಿರ ಬಂದ. “ಹನ್ನೊಂದು ತಿಂಗಳು ಬೇಕಾಯ್ತಾ?” ಅಂದ.

ಆಗಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಚೀಲ ಹಾಕಿದ್ದಕ್ಕಲ್ಲ, ಅದನ್ನು ಪ್ರೀತಿ ಎಂದುಕೊಂಡಾಳು. ಮಂಚದ ಪಕ್ಕ ನಿಂತು ಇಲ್ಲ ಅಂದದ್ದಕ್ಕೆ. ಊರಿಗೆ ನಾನೇ ವಿಷಯ ಹೇಳಿದೆ, ಚಹಾದ ಅಂಗಡಿಯಲ್ಲಿ, ಎಲ್ಲರ ಎದುರು. ಕಾರುಗಳು ಒಂದೊಂದಾಗಿ ಆ ಕಡೆಗೆ ತಿರುಗಿ ಬರುತ್ತಿವೆ, ಬೈಸಿಕೊಳ್ಳುತ್ತಿವೆ. ನಾನು ಚೀಲಗಳ ಹುರಿ ಬಿಚ್ಚಿ ಮರಳನ್ನು ಹಿತ್ತಲಿಗೆ ಸುರಿದೆ. ನೀಲಿ ಹುರಿ ಮಾತ್ರ ಮೊಳೆಗೆ ನೇತುಹಾಕಿದ್ದೇನೆ.

ಗಾಳಿಯ ದಿನಗಳಲ್ಲಿ ಅಕ್ಕ ಹೊರಟ ಮೇಲೆ ನನಗೆ ಕೆಲಸ ಸಾಗುವುದಿಲ್ಲ. ಟೈರಿನ ಮುಂದೆ ಸ್ಪ್ಯಾನರ್ ಹಿಡಿದು ಸುಮ್ಮನೆ ಕೂತಿರುತ್ತೇನೆ. ಆಚೆ ದಡ ಮುಟ್ಟಿದ ಕೂಡಲೇ ಅವಳು ಗಂಡನಿಗೆ ಫೋನ್ ಮಾಡುತ್ತಾಳೆ, ನನಗೆ ಮಾಡುವುದಿಲ್ಲ. ತಗಡಿನ ಆಚೆ ಫೋನ್ ಬಡಿದುಕೊಳ್ಳುವುದು ಕೇಳಿಸುತ್ತದೆ. ಅವನು ಹ್ಞೂಂ, ಹ್ಞೂಂ ಅಂದು ಇಡುತ್ತಾನೆ. ಆಮೇಲೆ ಯಾರನ್ನೂ ಉದ್ದೇಶಿಸದೆ, ತಗಡಿಗೆ ಹೇಳುವ ಹಾಗೆ, ಒಂದೇ ಮಾತು ಗಟ್ಟಿಯಾಗಿ ಹೇಳುತ್ತಾನೆ.

“ದಾಟಿದ್ಲು.”

ಆ ಮನುಷ್ಯನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಆದರೆ ಆ ಮಾತು ಬರುವವರೆಗೆ ನಾನು ಸ್ಪ್ಯಾನರ್ ಕೆಳಗಿಡುವುದಿಲ್ಲ.